ತೂಬಿನ ಲೆಕ್ಕ

ನಮ್ಮ ಅಂಗಡಿಯಲ್ಲಿ ಯಾವ ಕೆಲಸ ತಡವಾದರೂ ಬೈಗುಳ ಹೋಗಿ ಬೀಳುತ್ತಿದ್ದದ್ದು ಒಂದೇ ಕಡೆ, ಕಿಟಕಿ ಪಕ್ಕದ ಮೇಜಿನ ಮೇಲೆ. ಅಲ್ಲಿ ಕೂರುವವರು ನಮ್ಮ ಅತ್ತೆ. ಬೈಯುವವಳು ನಾನು. ನೇರವಾಗಿ ಬೈದರೆ ನಾಲ್ಕು ಜನ ಏನಂದಾರು ಎಂದು ಗೋಡೆಗೆ, ಗಡಿಯಾರಕ್ಕೆ, ಇಸ್ತ್ರಿ ಪೆಟ್ಟಿಗೆಗೆ ಹೇಳುತ್ತಿದ್ದೆ. ಅತ್ತೆಯ ಕಿವಿ ಚುರುಕಾಗಿಯೇ ಇತ್ತು.

ನಮ್ಮದು ಬಟ್ಟೆ ಒಗೆದು, ಇಸ್ತ್ರಿ ಮಾಡಿ, ಹರಿದಿದ್ದರೆ ರಫೂ ಮಾಡಿ ಕೊಡುವ ಅಂಗಡಿ. ಒಗೆಯುವುದಕ್ಕೆ ಒಂದು ದೊಡ್ಡ ಯಂತ್ರವಿದೆ, ಅದರ ಚಾಕರಿ ನಮ್ಮವರದು. ಇಸ್ತ್ರಿಗೆ ಒಬ್ಬ ಕೆಲಸಗಾರನಿದ್ದಾನೆ, ಅವನನ್ನು ಎಲ್ಲರೂ ಇಸ್ತ್ರಿಯಣ್ಣ ಎಂದೇ ಕರೆಯುವುದು. ರಸೀದಿ, ಗಿರಾಕಿ ಮತ್ತು ಜಗಳ ನನ್ನ ಪಾಲು. ರಫೂ ಅತ್ತೆಯದು. ರಫೂ ಎಂದರೆ ತೇಪೆಯಲ್ಲ. ಬಟ್ಟೆಯ ಒಳಮಡಿಕೆಯಿಂದಲೇ ಎಳೆ ಬಿಡಿಸಿಕೊಂಡು, ಅದು ಸಿಗದಿದ್ದರೆ ಬಣ್ಣ ಹೊಂದುವ ನೂಲು ಹುಡುಕಿ, ಹರಿದ ಜಾಗದಲ್ಲಿ ಅಡ್ಡ ಎಳೆ ಉದ್ದ ಎಳೆ ನೇಯ್ದು, ಅಲ್ಲಿ ತೂತಿತ್ತು ಎಂಬ ಗುರುತೇ ಸಿಗದ ಹಾಗೆ ಮುಚ್ಚುವುದು. ಅದಕ್ಕೆ ದೀಪದ ಬೆಳಕು ಆಗುವುದಿಲ್ಲ, ಬಣ್ಣ ಮೋಸ ಮಾಡುತ್ತದೆ. ಹಾಗಾಗಿ ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ, ಕಿಟಕಿಯ ಬೆಳಕು ಇರುವಷ್ಟು ಹೊತ್ತು ಮಾತ್ರ ಆ ಕೆಲಸ.

ಆ ವರ್ಷ ನಮ್ಮ ತಲೆನೋವಾಗಿದ್ದದ್ದು ಹೋಟೆಲಿನ ಗಂಟು. ನಿಲ್ದಾಣದ ಎದುರಿನ ಹೋಟೆಲಿನವರು ವಾರಕ್ಕೊಂದು ಗಂಟು ಕೊಡುತ್ತಿದ್ದರು. ಹಾಸಿಗೆ ಹೊದಿಕೆ, ಪರದೆ, ಮೇಜುಬಟ್ಟೆ, ಅಡುಗೆಯವರ ಏಪ್ರನ್ನು, ಎಲ್ಲ ಸೇರಿ ನೂರ ನಲವತ್ತು ನಗ. ಅವರ ಷರತ್ತೂ ಒಂದಿತ್ತು: ಗಂಟು ಎಣಿಸಿ ಕೊಡುತ್ತೇವೆ, ಎಣಿಸಿ ತೆಗೆದುಕೊಳ್ಳುತ್ತೇವೆ, ಒಂದು ನಗ ಕಡಿಮೆಯಾದರೂ ಹಣವಿಲ್ಲ. ನಾವು ಒಂದೇ ದಿನದಲ್ಲಿ ಒಗೆಯುತ್ತಿದ್ದೆವು, ಇನ್ನೆರಡು ದಿನಕ್ಕೆ ಇಸ್ತ್ರಿ ಮುಗಿಯುತ್ತಿತ್ತು. ಆಮೇಲೆ ಹರಿದ ಹನ್ನೆರಡು ನಗಗಳಿಗಾಗಿ ಉಳಿದ ನೂರ ಇಪ್ಪತ್ತೆಂಟು ಕಪಾಟಿನಲ್ಲಿ ಒಂಬತ್ತು ಹತ್ತು ದಿನ ಮಲಗುತ್ತಿದ್ದವು. ಹಳೇ ಗಂಟು ಹೋಗುವ ಮೊದಲೇ ಹೊಸದು ಬರುತ್ತಿತ್ತು. ಕೊನೆಗೆ ಹೋಟೆಲಿನ ಮ್ಯಾನೇಜರು ಒಂದು ದಿನ ಸ್ವತಃ ಬಂದು, ಈ ತಿಂಗಳು ಮುಗಿಯುವುದರೊಳಗೆ ಗಂಟು ಮೂರೇ ದಿನಕ್ಕೆ ವಾಪಸ್ ಬರುವ ಹಾಗಾಗದಿದ್ದರೆ ಬೇರೆ ಅಂಗಡಿ ನೋಡಿಕೊಳ್ಳುತ್ತೇವೆ ಎಂದು ನಯವಾಗಿಯೇ ಹೇಳಿ ಹೋದರು.

ನನಗೆ ಸಿಟ್ಟು ಬಂದಾಗ ತಲೆ ಬಹಳ ವೇಗವಾಗಿ ಓಡುತ್ತದೆ, ಎತ್ತ ಎಂಬುದು ಬೇರೆ ಮಾತು. ಅವತ್ತೇ ಹೋಗಿ ಎರಡನೇ ಒಗೆಯುವ ಯಂತ್ರಕ್ಕೆ ಮುಂಗಡ ಕೊಟ್ಟು ಬಂದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಮ್ಮವರು ರಸೀದಿ ನೋಡಿ, ಇರುವ ಯಂತ್ರವೇ ಮಧ್ಯಾಹ್ನದ ಹೊತ್ತಿಗೆ ನಿದ್ದೆ ಮಾಡುತ್ತದಲ್ಲ ಎಂದರು. ನೀವೂ ಅಷ್ಟೇ ಎಂದು ನಾನು ಅವರ ಬಾಯಿ ಮುಚ್ಚಿಸಿದೆ.

ಇಂಥ ಹೊತ್ತಿಗೆ ಸರಿಯಾಗಿ ನನ್ನ ನಾದಿನಿ ಬಂದಿಳಿದಳು. ವಯಸ್ಸು ನಲವತ್ತೊಂದಾದರೂ ಮನೆಯಲ್ಲಿ ಅವಳು ಪುಟ್ಟಿಯೇ. ದೂರದ ಊರಿನ ಆಸ್ಪತ್ರೆಯೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತಾಳೆ. ಮೆಟ್ಟಿಲು ಜಾರಿ ಕಾಲಿನ ಮೂಳೆ ಮುರಿದಿತ್ತು. ನಾಲ್ಕು ವಾರ ಪ್ಲಾಸ್ಟರು, ನಾಲ್ಕು ವಾರ ರಜ. ಒಬ್ಬಳೇ ಇರುವವಳು, ಅಮ್ಮನ ಹತ್ತಿರ ಇರುತ್ತೇನೆ ಎಂದು ಬಂದಳು. ಮನೆ ಇರುವುದು ಅಂಗಡಿಯ ಮೇಲೆ, ಮಹಡಿಯಲ್ಲಿ. ದಿನವಿಡೀ ಅಲ್ಲಿ ಸುಮ್ಮನೆ ಮಲಗಲಾರದೆ, ನಮ್ಮವರ ಹೆಗಲು ಹಿಡಿದು ಬೆಳಿಗ್ಗೆ ಕೆಳಗಿಳಿದರೆ ಸಂಜೆಯವರೆಗೆ ಅಂಗಡಿಯ ಮೂಲೆಯಲ್ಲಿ ಕಾಲನ್ನು ಸ್ಟೂಲಿನ ಮೇಲಿಟ್ಟುಕೊಂಡು ಕೂರುತ್ತಿದ್ದಳು. ಓಡಾಡಲಾಗದವರ ಕಣ್ಣು ಬಹಳ ಓಡಾಡುತ್ತದೆ ಎಂಬುದು ನನಗೆ ಆಗ ಗೊತ್ತಿರಲಿಲ್ಲ.

ಬಂದ ಮೂರನೇ ದಿನ, ಅತ್ತೆ ಊಟಕ್ಕೆ ಮೇಲೆ ಹೋಗಿದ್ದಾಗ ಅವಳು ನನ್ನನ್ನು ಕರೆದು ಹೇಳಿದಳು.

“ಅತ್ತಿಗೆ, ನಿಮಗೊಂದು ವಿಷಯ ಗೊತ್ತಿರಲಿ. ನನ್ನ ಪ್ಲಾಸ್ಟರ್ ಬಿಚ್ಚಿದ ಮೇಲೆ ಅಮ್ಮನೂ ನನ್ನ ಜೊತೆ ಬರ್ತಾಳಂತೆ. ಬಂದುಹೋಗೋಕಲ್ಲ, ಇರೋಕೆ.”

ಯಾಕಂತೆ ಎಂದು ಕೇಳಿದೆ.

“ಎಲ್ಲಾ ಕೆಲಸನೂ ನನ್ನ ಹತ್ರ ಬಂದು ನಿಂತುಬಿಡುತ್ತೆ, ನಾನು ಎದ್ದರೆ ಅವರಿಗೇ ಒಳ್ಳೇದು ಅಂತಾಳೆ. ಕೂತು ತಿನ್ನೋಳು ಅನ್ನಿಸ್ಕೊಂಡು ಇರೋದಕ್ಕಿಂತ ಅಂತಾನೂ ಅಂದಳು.”

ನಾನು ಆಗ ಏನೆಂದೆ ಎಂಬುದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಹೋಗಲಿ ಬಿಡು, ಅವರಿಗೂ ವಯಸ್ಸಾಯಿತು ಎಂದೆ. ಅಷ್ಟೇ ಅಲ್ಲ, ಆ ಕಿಟಕಿ ಪಕ್ಕದ ಜಾಗ ಖಾಲಿಯಾದರೆ ಹೊಸ ಯಂತ್ರವನ್ನು ಅಲ್ಲಿಯೇ ಇಡಬಹುದು ಎಂದು ಮನಸ್ಸಿನಲ್ಲೇ ಅಳತೆಯನ್ನೂ ಹಾಕಿದೆ. ಪುಟ್ಟಿ ನನ್ನ ಮುಖವನ್ನೇ ನೋಡುತ್ತಿದ್ದಳು. ಆ ವಾರದ ರಜ ಕಳೆದ ಮೇಲೆ ಅವಳ ತೊಡೆಯ ಮೇಲೆ ಒಂದು ರಟ್ಟು, ರಟ್ಟಿನ ಮೇಲೆ ಗೆರೆ ಹಾಕಿದ ಹಾಳೆ, ಕೈಯಲ್ಲಿ ಗಡಿಯಾರ ಬಂದವು.

ಆರು ದಿನ ಅವಳು ಬರೆದಳು. ಏನು ಬರೀತಿದೀಯ ಎಂದರೆ ಹೊತ್ತು ಹೋಗಬೇಕಲ್ಲ ಎನ್ನುತ್ತಿದ್ದಳು. ಏಳನೇ ದಿನ, ಅಂಗಡಿಗೆ ರಜ ಇದ್ದ ದಿನ, ಅತ್ತೆ ಮೇಲೆ ತಲೆಗೆ ಎಣ್ಣೆ ಹಚ್ಚಿಕೊಂಡು ಕೂತಿದ್ದಾಗ, ಅವಳು ನಮ್ಮಿಬ್ಬರನ್ನೂ ಕೆಳಗೆ ಕೂರಿಸಿಕೊಂಡಳು.

ಮೊದಲು ಅವಳು ಕೇಳಿದ್ದು, ಅಮ್ಮ ದಿನಕ್ಕೆ ಎಷ್ಟು ಹೊತ್ತು ಸೂಜಿ ಹಿಡಿಯುತ್ತಾಳೆ ಎಂದು. ಹತ್ತರಿಂದ ನಾಲ್ಕು, ಊಟದ ಅರ್ಧ ಗಂಟೆ ಕಳೆದರೆ ಐದೂವರೆ ಗಂಟೆ ಎಂದೆ. ಅವಳು ಹಾಳೆ ತಿರುಗಿಸಿ ತೋರಿಸಿದಳು. ಎರಡು ಗಂಟೆ ನಲವತ್ತು ನಿಮಿಷ. ಉಳಿದದ್ದು ಎಲ್ಲಿ ಹೋಯಿತು ಎಂಬುದನ್ನೂ ಬರೆದಿದ್ದಳು. ಫೋನು ಎತ್ತಿದ್ದು. ಅಂಗಿಗಳಿಗೆ ಗುಂಡಿ ಹಾಕಿದ್ದು. ಹೊಂದುವ ನೂಲು ಹುಡುಕಲು ಡಬ್ಬಗಳನ್ನು ಸುರಿದು ಮತ್ತೆ ತುಂಬಿದ್ದು. ಸರಿಯಾಗಿ ಒಗೆಯದ ಕೋಟನ್ನು ರಫೂ ಮಾಡಿದ ಮೇಲೆ ಕಲೆ ಕಂಡು, ಮತ್ತೆ ಒಗೆಸಿ, ಸಡಿಲವಾದ ಎಳೆಯನ್ನು ಮತ್ತೆ ಬಿಗಿ ಮಾಡಿದ್ದು. ನಾನು ಬ್ಯಾಂಕಿಗೆ ಹೋದಾಗ ಗಿರಾಕಿಗಳನ್ನು ನೋಡಿಕೊಂಡದ್ದು. ಪ್ರತಿಯೊಂದರ ಮುಂದೆಯೂ ಯಾರು ಹೇಳಿದ್ದು ಎಂಬ ಕಾಲಂ ಇತ್ತು. ಆ ಕಾಲಂನಲ್ಲಿ ಮೇಲಿನಿಂದ ಕೆಳಗಿನವರೆಗೆ ‘ಅತ್ತಿಗೆ, ಅತ್ತಿಗೆ, ಅತ್ತಿಗೆ’ ಎಂದೇ ಇತ್ತು. ನಡುವೆ ಎಲ್ಲೋ ಒಂದು ಕಡೆ ‘ಅಣ್ಣ’.

ನನಗೆ ನನ್ನ ಮಾತೇ ಕಿವಿಯಲ್ಲಿ ಕೇಳಿಸಿತು. ಅತ್ತೆ, ಕೂತಿದ್ದೀರಲ್ಲ, ಇದೊಂದು ನೋಡಿ. ಅತ್ತೆ, ಹೇಗೂ ಕೂತೇ ಇದ್ದೀರಿ, ಈ ಬೀನ್ಸಿನ ನಾರು ತೆಗೆದುಬಿಡಿ. ನಾವೆಲ್ಲ ನಿಂತು ಕೆಲಸ ಮಾಡುವವರು. ಕೂತು ಮಾಡುವ ಕೆಲಸ ನಮ್ಮ ಕಣ್ಣಿಗೆ ಕೆಲಸವೆಂದೇ ಕಾಣುತ್ತಿರಲಿಲ್ಲ.

“ಕೆರೆ ಎಷ್ಟು ದೊಡ್ಡದಾದ್ರೇನು ಅತ್ತಿಗೆ, ನೀರು ಹೊರಗೆ ಬರೋದು ತೂಬು ಇರೋವಷ್ಟೇ,” ಎಂದಳು ಪುಟ್ಟಿ. “ಈ ಅಂಗಡಿಯ ತೂಬು ಅಮ್ಮನ ಸೂಜಿ. ನೀವು ಇನ್ನೊಂದು ಕೆರೆ ತೋಡೋಕೆ ಮುಂಗಡ ಕೊಟ್ಟು ಬಂದಿದ್ದೀರಿ.”

ಆಮೇಲೆ ಅವಳು ಲೆಕ್ಕ ಹೇಳಿದಳು. ನಾನು ಇಷ್ಟು ವರ್ಷ ಹಾಕುತ್ತಿದ್ದ ಲೆಕ್ಕಕ್ಕಿಂತ ಅದು ತೀರ ಬೇರೆಯಾಗಿತ್ತು, ಸುಲಭವೂ ಆಗಿತ್ತು. ಒಗೆದದ್ದು, ಇಸ್ತ್ರಿ ಹಾಕಿದ್ದು, ಮಡಿಸಿಟ್ಟದ್ದು ಯಾವುದೂ ಸಂಪಾದನೆಯಲ್ಲ. ಬಟ್ಟೆ ಬಾಗಿಲು ದಾಟಿ ಹೋಗಿ ಹಣ ಒಳಗೆ ಬಂದರೆ ಮಾತ್ರ ಸಂಪಾದನೆ. ಬಂದ ಹಣದಲ್ಲಿ ಆ ಬಟ್ಟೆಗೆಂದೇ ಖರ್ಚಾದ ಸೋಪು, ನೂಲು ಕಳೆಯಬೇಕು. ಬಾಡಿಗೆ, ಸಂಬಳಗಳೆಲ್ಲ ಒಂದು ಬಟ್ಟೆ ಹೋದರೂ ನೂರು ಹೋದರೂ ಅಷ್ಟೇ, ಅವನ್ನು ಬಟ್ಟೆಬಟ್ಟೆಗೆ ಹಂಚಿ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಹೀಗೆ ವಾರಕ್ಕೆ ನಮಗೆ ಉಳಿಯುತ್ತಿದ್ದದ್ದು ಆರು ಸಾವಿರದ ನಾನೂರು, ಮನೆ ಗಿರಾಕಿಗಳ ಬರೀ ಒಗೆಯುವ ಬಟ್ಟೆ ಬಿಟ್ಟು. ಅಷ್ಟೂ ಅತ್ತೆಯ ಮೇಜು ದಾಟಿಯೇ ಹೋಗಬೇಕಾದದ್ದು. ಅತ್ತೆ ವಾರಕ್ಕೆ ಸೂಜಿ ಹಿಡಿದದ್ದು ಹದಿನಾರು ಗಂಟೆ.

“ಅಂದ್ರೆ ಅಮ್ಮನ ಒಂದು ಗಂಟೆ ಈ ಅಂಗಡಿಗೆ ನಾನೂರು. ಅವಳ ಒಂದು ಗಂಟೆ ಹಾಳಾದ್ರೆ ಇಡೀ ಅಂಗಡಿಯ ಒಂದು ಗಂಟೆ ಹಾಳು. ಮಂಗಳವಾರ ಇಪ್ಪತ್ತೈದು ನಿಮಿಷ ಬೀನ್ಸ್ ಬಿಡಿಸಿದಳು. ಆ ಬೀನ್ಸು ನಿಮಗೆ ನೂರ ಅರವತ್ತಾರಕ್ಕೆ ಬಿತ್ತು.”

ನಮ್ಮವರು, ಅದಕ್ಕೇ ಅವತ್ತು ಪಲ್ಯ ಅಷ್ಟು ರುಚಿಯಾಗಿತ್ತು ಎಂದರು. ನನಗೆ ನಗು ಬರಲಿಲ್ಲ.

ಇನ್ನೂ ಒಂದು ಹಾಳೆ ಇತ್ತು, ಅದು ನನ್ನ ಜಂಬಕ್ಕೆ ನೇರವಾಗಿ ಬಿತ್ತು. ನನಗೆ ದೊಡ್ಡ ಕೋಟುಗಳ ಮೇಲೆ ಬಹಳ ಅಭಿಮಾನ. ಸುಟ್ಟ ಕೋಟು ಬಂದರೆ ಒಂಬೈನೂರು ಹೇಳುತ್ತಿದ್ದೆ. ಹುಳ ತಿಂದ ಸ್ವೆಟರು ತಂದವರಿಗೆ ಅದು ಚಿಲ್ಲರೆ ಕೆಲಸ, ಆಗುವುದಿಲ್ಲ ಎಂದು ಕಳಿಸುತ್ತಿದ್ದೆ. ಕೋಟಿಗೆ ಏಳು ಗಂಟೆ ಹಿಡಿಯುತ್ತದೆ. ನೂಲಿನ ಅರವತ್ತು ಕಳೆದರೆ ಗಂಟೆಗೆ ನೂರ ಇಪ್ಪತ್ತು. ಸ್ವೆಟರಿನ ತೂತಿಗೆ ನೂರ ಅರವತ್ತು, ಅದರಲ್ಲಿ ನೂಲು ಹತ್ತು, ಮುಗಿಯುವುದು ಅರ್ಧ ಗಂಟೆಯಲ್ಲಿ. ಗಂಟೆಗೆ ಮುನ್ನೂರು. ಅಂದರೆ ನಾನು ಬಾಗಿಲಿಗೆ ಬಂದ ಲಕ್ಷ್ಮಿಯನ್ನು ಚಿಲ್ಲರೆ ಎಂದು ಓಡಿಸಿ, ಕೋಟಿಗೆ ಆರತಿ ಎತ್ತುತ್ತಿದ್ದೆ. ಇನ್ನು ಹೋಟೆಲಿನ ಏಪ್ರನ್ನು. ಹರಿದದ್ದನ್ನು ಸರಿ ಮಾಡಲು ಅವರು ಕೊಡುವುದು ನಗಕ್ಕೆ ಇಪ್ಪತ್ತೈದು. ಅತ್ತೆ ಅದಕ್ಕೆ ಒಂದು ಗಂಟೆ ಕೊಡುತ್ತಿದ್ದರು, ಕೋಟಿಗೆ ಹೇಗೋ ಹಾಗೆಯೇ, ಎಳೆಗೆ ಎಳೆ ಸೇರಿಸಿ.

“ಅಡುಗೆಯವರ ಏಪ್ರನ್ನಿಗೆ ಯಾರಾದ್ರೂ ರಫೂ ಮಾಡ್ತಾರಾ? ಮಿಷಿನ್ನಲ್ಲಿ ಒಂದು ತೇಪೆ ಹೊಡೆದ್ರೆ ಸಾಲದಾ? ಅಮ್ಮನಿಗೆ ಯಾರೂ ಹೇಳಿಲ್ವಾ?” ಎಂದು ಪುಟ್ಟಿ ಕೇಳಿದಳು.

ಹೇಳಿರಲಿಲ್ಲ. ಹೇಳದಿರುವುದೇ ನಮ್ಮ ಅಂಗಡಿಯ ಪದ್ಧತಿ. ನಮ್ಮ ಮಾವ ಇದ್ದಾಗ ಮಾಡಿದ ನಿಯಮ ಅದು. ಬೆಲೆ ಕಂಡ ಕೈ ಅಳೆದು ಹೊಲಿಯುತ್ತದೆ ಎನ್ನುತ್ತಿದ್ದರು. ಬಟ್ಟೆಗೆ ಚುಚ್ಚಿದ ಚೀಟಿಯಲ್ಲಿ ಮೇಲರ್ಧ ಗಿರಾಕಿಯ ಸಂಖ್ಯೆ, ಕೆಳಗಿನರ್ಧ ಬೆಲೆ. ರಫೂ ಮೇಜಿಗೆ ಹೋಗುವ ಮೊದಲು ಕೆಳಗಿನರ್ಧ ಹರಿಯಬೇಕು. ಮಾವ ಹರಿಯುತ್ತಿದ್ದರು, ಅವರ ನಂತರ ನಾನು ಹರಿಯುತ್ತಿದ್ದೆ, ಯಾಕೆ ಎಂದು ಒಂದು ದಿನವೂ ಯೋಚಿಸದೆ. ಅತ್ತೆಗೆ ಯಾವ ಬಟ್ಟೆಗೆ ಎಷ್ಟು ಎಂಬುದು ಗೊತ್ತೇ ಇರಲಿಲ್ಲ. ರಾಜನ ಅಂಗಿಯೂ ಅಷ್ಟೇ, ಬಾಣಸಿಗನ ಒರಸುಬಟ್ಟೆಯೂ ಅಷ್ಟೇ. ಹಾಗೆ ನೋಡಿದರೆ ತನ್ನ ದುಡಿಮೆಯಿಂದ ಈ ಮನೆಗೆ ಎಷ್ಟು ಬರುತ್ತದೆ ಎಂಬುದೂ ಅವರಿಗೆ ಗೊತ್ತಿರಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಎಂದು ಗಿಡವೇ ನಂಬಿಕೊಂಡಿತ್ತು.

ಮಾರನೇ ದಿನ ಬೆಳಿಗ್ಗೆ ಪುಟ್ಟಿ ಹರಿಯದ ಚೀಟಿಯಿದ್ದ ಒಂದು ಏಪ್ರನ್ನನ್ನು ಅಮ್ಮನ ಮುಂದಿಟ್ಟಳು. ಅತ್ತೆ ಕನ್ನಡಕ ಸರಿಮಾಡಿಕೊಂಡು ಎರಡು ಸಲ ಓದಿದರು. ಈರುಳ್ಳಿ ವಾಸನೆಯ ಬಟ್ಟೆಗೆ ಇಷ್ಟು ನಾಜೂಕು ಯಾಕೋ ಎಂದು ನನಗೂ ಅನ್ನಿಸುತ್ತಿತ್ತು, ಆದರೆ ಗಿರಾಕಿ ಕೇಳಿರಬೇಕು ಎಂದುಕೊಂಡಿದ್ದೆ ಎಂದರು. ಆಮೇಲೆ ಜೋರಾಗಿ ನಗತೊಡಗಿದರು. ಇಸ್ತ್ರಿಯಣ್ಣ ಗಾಬರಿಯಾಗಿ ನೀರು ತಂದುಕೊಟ್ಟ. ಅತ್ತೆ ಅಷ್ಟು ನಕ್ಕದ್ದನ್ನು ನಾನು ನೋಡಿರಲಿಲ್ಲ.

ಆ ವಾರ ಅಂಗಡಿ ತಲೆಕೆಳಗಾಯಿತು. ಏಪ್ರನ್ನುಗಳಿಗೆ ನಮ್ಮವರು ಹಳೇ ಹೊಲಿಗೆ ಯಂತ್ರದಲ್ಲಿ ತೇಪೆ ಹಾಕತೊಡಗಿದರು, ಒಂದೊಂದಕ್ಕೆ ಹತ್ತು ನಿಮಿಷ. ಕಲೆ ಇದೆಯೇ ಎಂದು ರಫೂ ಮೇಜಿಗೆ ಹೋಗುವ ಮೊದಲೇ ನೋಡುವುದು ಇಸ್ತ್ರಿಯಣ್ಣನ ಕೆಲಸವಾಯಿತು. ನೂಲಿನ ಡಬ್ಬಗಳನ್ನು ನಾನು ಹಿಂದಿನ ಸಂಜೆಯೇ ಬಣ್ಣ ಹೊಂದಿಸಿ ಇಡಬೇಕು. ಗುಂಡಿ, ಫೋನು, ಬೀನ್ಸು ಎಲ್ಲ ನನ್ನ ತಲೆಗೆ ಬಂತು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರಲ್ಲ, ನಮ್ಮ ಮನೆಯಲ್ಲಿ ಅದು ಹಿಂದುಮುಂದಾಗಿ ಬಂತು.

ನನಗೆ ಎಲ್ಲಕ್ಕಿಂತ ಕಷ್ಟವಾದದ್ದು ಸುಮ್ಮನಿರುವವರನ್ನು ನೋಡುವುದು. ಅತ್ತೆಯ ಮೇಜಿಗೆ ಎಷ್ಟು ಬೇಕೋ ಅಷ್ಟೇ ಒಗೆಯಿರಿ, ಕಪಾಟು ತುಂಬಿಸಬೇಡಿ ಎಂದು ಪುಟ್ಟಿ ಕಟ್ಟಪ್ಪಣೆ ಮಾಡಿದ್ದಳು. ಹಾಗಾಗಿ ಹನ್ನೊಂದು ಗಂಟೆಗೆಲ್ಲ ಯಂತ್ರ ನಿಲ್ಲುತ್ತಿತ್ತು. ನಮ್ಮವರು ಕುರ್ಚಿ ಎಳೆದುಕೊಂಡು ಪೇಪರು ಓದುತ್ತಿದ್ದರು. ಅದನ್ನು ನೋಡಿದರೆ ನನ್ನ ಹೊಟ್ಟೆಯಲ್ಲಿ ಬೆಂಕಿ ಬೀಳುತ್ತಿತ್ತು. ಪುಟ್ಟಿ ಮೂಲೆಯಿಂದಲೇ, ಅಣ್ಣ ಸುಮ್ಮನೆ ಕೂತರೆ ನಷ್ಟವಿಲ್ಲ ಅತ್ತಿಗೆ, ಅಮ್ಮ ಸುಮ್ಮನೆ ಕೂತರೆ ಮಾತ್ರ ನಷ್ಟ ಎನ್ನುತ್ತಿದ್ದಳು. ನಮ್ಮವರು ಈ ಶಾಸ್ತ್ರವನ್ನು ಬಲು ಬೇಗ ಕಲಿತರು. ತರಕಾರಿ ತನ್ನಿ ಎಂದರೂ, ನಾನು ತೂಬಲ್ಲ ಎನ್ನುತ್ತಿದ್ದರು.

ಮೂರನೇ ವಾರದ ಗಂಟು ಸರಿಯಾಗಿ ಮೂರು ದಿನಕ್ಕೆ ಹೋಯಿತು. ನೂರ ನಲವತ್ತಕ್ಕೆ ನೂರ ನಲವತ್ತು. ಕಪಾಟು ಖಾಲಿಯಾಗಿ ಅದರ ಹಿಂದಿನ ಗೋಡೆಯ ಬಣ್ಣ ಹಸಿರು ಎಂಬುದು ನೆನಪಾಯಿತು. ಅತ್ತೆ ದಿನಕ್ಕೆ ಐದು ಗಂಟೆ ನೆಮ್ಮದಿಯಾಗಿ ಸೂಜಿ ಹಿಡಿದು, ಒಂದೇ ವಾರದಲ್ಲಿ ಇಪ್ಪತ್ತೆರಡು ಸ್ವೆಟರು ಮುಗಿಸಿದರು. ನಾನು ಹೋಗಿ ಎರಡನೇ ಯಂತ್ರದ ಮುಂಗಡ ವಾಪಸ್ ಕೇಳಿದೆ. ಅಂಗಡಿಯವನು ಅರ್ಧ ಕೊಟ್ಟ, ಉಳಿದರ್ಧವನ್ನು ನನ್ನ ಸಿಟ್ಟಿನ ದಂಡ ಎಂದುಕೊಂಡೆ.

ಇಷ್ಟೆಲ್ಲ ಆದ ಮೇಲೆ ಅತ್ತೆ ಹೋಗುವ ಮಾತು ಬಿಟ್ಟಿರುತ್ತಾರೆ ಎಂದು ನಾನು ತಿಳಿದಿದ್ದೆ. ಪುಟ್ಟಿ ಹೊರಡಲು ಎರಡು ದಿನ ಇರುವಾಗ ಒಣಗಿದ ಬಟ್ಟೆ ತರಲು ಮೇಲೆ ಹೋದರೆ, ಅತ್ತೆ ಟ್ರಂಕು ತೆರೆದುಕೊಂಡು ಸೀರೆ, ಶಾಲು ಜೋಡಿಸುತ್ತಿದ್ದರು. ಗಾಬರಿಯಾದರೆ ನನ್ನ ಬಾಯಿ ಮುಂದಾಗುತ್ತದೆ. ಪುಟ್ಟಿಯ ಹಾಳೆಗಳನ್ನು ತಂದು ಅವರ ಮುಂದೆ ಹರಡಿದೆ. ನಾನೂರರ ಲೆಕ್ಕ ತೋರಿಸಿದೆ.

“ನೋಡಿ ಅತ್ತೆ, ದಿನಕ್ಕೆ ಐದು ಗಂಟೆ. ನೀವು ಹೋದ್ರೆ ನಮಗೆ ದಿನಕ್ಕೆ ಎರಡು ಸಾವಿರ ನಷ್ಟ,” ಎಂದೆ.

ಅತ್ತೆ ಹಾಳೆಯನ್ನು ತೆಗೆದುಕೊಂಡರು. ಬೆರಳಿಟ್ಟು ಸಾಲು ಸಾಲಾಗಿ ಓದಿದರು. ಅವರ ಮುಖ ಮೊದಲು ಅರಳಿತು, ಅದು ನನಗೆ ಚೆನ್ನಾಗಿ ಕಂಡಿತು.

“ಅಂದ್ರೆ ಇಷ್ಟು ವರ್ಷ ನಾನು ಕೂತು ತಿಂದಿಲ್ಲ.”

“ಇಲ್ಲ ಅತ್ತೆ. ನೀವು ಕೂತಿದ್ದರಿಂದ ನಾವು ತಿಂದ್ವಿ.”

ಅವರು ತಲೆಯಾಡಿಸಿದರು. ಆಮೇಲೆ ಹಾಳೆಯನ್ನು ಮಡಿಸಿ ನನ್ನ ಕೈಗೆ ಕೊಟ್ಟರು.

“ಹಾಗಿದ್ರೆ ಇನ್ನೂ ಸುಲಭ ಆಯ್ತಲ್ಲ. ದಿನಕ್ಕೆ ಐನೂರು ಕೊಟ್ಟು ಒಬ್ಬ ರಫೂಗಾರನ್ನ ಇಟ್ಕೋ. ಆಗಲೂ ನಿನಗೆ ಒಂದೂವರೆ ಸಾವಿರ ಉಳಿಯುತ್ತೆ. ಮೊದಲು ನನ್ನಿಂದ ನಷ್ಟ ಅಂತ ಹೋಗೋಣ ಅಂದ್ಕೊಂಡಿದ್ದೆ, ಈಗ ನಿಮಗೆ ಅನುಕೂಲ ಇದೆ ಅಂತ ಸಮಾಧಾನವಾಗಿ ಹೋಗ್ತೀನಿ.”

ಲೆಕ್ಕ ಸರಿಯಾಗಿತ್ತು. ಒಂದು ಕಾಸೂ ತಪ್ಪಿರಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನಾನು ಬಟ್ಟೆ ಎತ್ತಿಕೊಂಡು ಕೆಳಗಿಳಿದೆ. ಪುಟ್ಟಿಗೆ ಹೇಳಿದರೆ ಅವಳು, ನಾನು ಅಂಗಡಿಯ ಲೆಕ್ಕ ಬರೆದುಕೊಟ್ಟೆ ಅತ್ತಿಗೆ, ಅದನ್ನ ಅಮ್ಮನ ಮುಂದೆ ಇಟ್ಟು ಅವಳನ್ನ ನಿಲ್ಲಿಸಿಕೊಳ್ಳಿ ಅಂತ ಹೇಳಿರಲಿಲ್ಲ ಎಂದಳು. ನಮ್ಮವರು ಅಮ್ಮನ ಇಷ್ಟ ಎಂದು ಪೇಪರಿನ ಹಿಂದೆ ಮುಖ ಇಟ್ಟುಕೊಂಡರು. ಆ ದಿನ ಅವರು ಒಂದೂ ಪುಟ ತಿರುಗಿಸಲಿಲ್ಲ.

ಆ ಎರಡು ದಿನ ನಾನು ರಫೂಗಾರರನ್ನು ಹುಡುಕಲಿಲ್ಲ. ಹುಡುಕಿದರೆ ಸಿಗುತ್ತಿದ್ದರೋ ಏನೋ. ಕಿಟಕಿಯ ಪಕ್ಕ ಬೇರೆ ಯಾರೋ ಕೂತಿರುವುದನ್ನು ಕಣ್ಣ ಮುಂದೆ ತಂದುಕೊಳ್ಳಲು ನೋಡಿದೆ, ಆಗಲಿಲ್ಲ. ನಾನು ಗಿರಾಕಿಯ ಹತ್ತಿರ ಜಗಳ ಆಡಿ ತಿರುಗಿದಾಗೆಲ್ಲ ಆ ಕಡೆಗೇ ನೋಡುತ್ತಿದ್ದೆ. ಅತ್ತೆ ತಲೆ ಎತ್ತದೆ, ತುಟಿಯಂಚಿನಲ್ಲೇ ಒಂದು ಚೂರು ನಗುತ್ತಿದ್ದರು. ಅದನ್ನು ಕಂಡು ನನ್ನ ಸಿಟ್ಟು ಇಳಿಯುತ್ತಿತ್ತು. ಇಪ್ಪತ್ತಾರು ವರ್ಷ ಇದು ದಿನಾ ನಡೆದಿತ್ತು, ನಾನು ಅದನ್ನು ಯಾವ ಕಾಲಂನಲ್ಲೂ ಬರೆದಿರಲಿಲ್ಲ.

ಪುಟ್ಟಿ ಹೊರಡುವ ದಿನ ಬೆಳಿಗ್ಗೆ ಒಂಬತ್ತಕ್ಕೆ ಟ್ಯಾಕ್ಸಿ ಬಂತು. ಪ್ಲಾಸ್ಟರ್ ಬಿಚ್ಚಿದ ಕಾಲನ್ನು ಅವಳು ಇನ್ನೂ ಹೆದರಿ ಹೆದರಿ ಊರುತ್ತಿದ್ದಳು. ಇಸ್ತ್ರಿಯಣ್ಣ ಮೊದಲು ಅವಳ ಚೀಲ ಇಟ್ಟ, ಆಮೇಲೆ ಅತ್ತೆಯ ಟ್ರಂಕು ಎತ್ತಿದ. ಅತ್ತೆ ಅಂಗಡಿಯ ಬಾಗಿಲಲ್ಲಿ ನಿಂತು, ಹೋಟೆಲಿನ ಪರದೆಗೆ ತಿಳಿ ನೀಲಿಯಲ್ಲ, ಬೂದು ಬೆರೆತ ನೀಲಿ ನೂಲು ಹಾಕಬೇಕು, ಎಡಗಡೆ ಎರಡನೇ ಡಬ್ಬದಲ್ಲಿದೆ ಎಂದು ನನಗೆ ಹೇಳುತ್ತಿದ್ದರು. ನಾನು ಹೂಂ ಹೂಂ ಎನ್ನುತ್ತಿದ್ದೆ. ಟ್ರಂಕು ನನ್ನ ಮುಂದೆಯೇ ಹಾದುಹೋಯಿತು. ನಾನು ಅದರ ಹಿಡಿಯನ್ನು ಹಿಡಿದುಕೊಂಡೆ. ಇಸ್ತ್ರಿಯಣ್ಣ ಆ ಕಡೆ ಎಳೆದ, ನಾನು ಈ ಕಡೆ ಎಳೆದೆ. ಅವನು ಬಿಟ್ಟುಬಿಟ್ಟ.

“ನೀವು ಹೋಗಬೇಡಿ ಅತ್ತೆ,” ಎಂದೆ. “ಹೋಟೆಲ್ ಹಾಳಾಗಿ ಹೋಗಲಿ. ನೀವು ಸೂಜಿ ಹಿಡೀದೇ ಇದ್ರೂ ಪರವಾಗಿಲ್ಲ, ಅಲ್ಲಿ ಕೂತಿರಿ. ನನಗೆ ನೀವು ಬೇಕು.”

ಟ್ಯಾಕ್ಸಿಯವನು, ಇಸ್ತ್ರಿಯಣ್ಣ, ಸ್ವೆಟರು ಹಿಡಿದು ಬಂದಿದ್ದ ಗಿರಾಕಿ, ಎಲ್ಲರೂ ನೋಡುತ್ತಿದ್ದರು. ಅತ್ತೆ ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು, ಬಟ್ಟೆಯಲ್ಲಿ ಹರಿದ ಜಾಗ ಹುಡುಕುವಾಗ ನೋಡುವ ಹಾಗೆ.

“ಇಷ್ಟು ಹೇಳೋಕೆ ನಿನಗೆ ಹದಿನಾಲ್ಕು ಹಾಳೆ ಲೆಕ್ಕ ಬೇಕಾಯ್ತಾ?” ಎಂದರು.

ಟ್ಯಾಕ್ಸಿಯೊಳಗೆ ಕೂತಿದ್ದ ಪುಟ್ಟಿ ಕಿಟಕಿಯ ಗಾಜು ಇಳಿಸಿದಳು. ಅಮ್ಮ, ಬರ್ತೀಯೋ ಇರ್ತೀಯೋ ಹೇಳು, ಮೀಟರ್ ಓಡ್ತಿದೆ ಎಂದಳು. ಅವಳ ಕಣ್ಣು ಒದ್ದೆಯಾಗಿತ್ತು, ಆದರೂ ಮೀಟರಿನ ಕಡೆ ಗಮನವಿತ್ತು.

ಅತ್ತೆ ಮಗಳ ಹತ್ತಿರ ಹೋಗಿ ಅವಳ ಕೆನ್ನೆ ಸವರಿ, ಮುಂದಿನ ತಿಂಗಳು ಬಂದು ಹತ್ತು ದಿನ ಇರುತ್ತೇನೆ, ಅದರ ಮುಂದಿನ ತಿಂಗಳೂ ಬರುತ್ತೇನೆ ಎಂದು ಹೇಳಿದರು. ಆಮೇಲೆ ನನ್ನ ಕಡೆ ತಿರುಗಿದರು.

“ಇರ್ತೀನಿ. ಆದ್ರೆ ಒಂದೇ ತೂಬು ನಂಬ್ಕೊಂಡು ಕೂರೋಕೆ ಆಗಲ್ಲ. ನಾನು ಮಗಳ ಮನೆಗೆ ಹೋಗಬೇಕು ಅಂದಾಗ ಹೋಗಿ ಬರೋ ಹಾಗಿರಬೇಕು. ದಿನಕ್ಕೆ ಒಂದು ಗಂಟೆ ನಾನು ಬೇರೆ ಯಾವ ಕೆಲಸನೂ ಮುಟ್ಟಲ್ಲ, ನಿನಗೆ ರಫೂ ಕಲಿಸ್ತೀನಿ. ಒಪ್ಪಿಗೆ ಇದ್ರೆ ಟ್ರಂಕು ಒಳಗಿಡು.”

ನನ್ನ ಕೈಯೋ ಒರಟು, ತಾಳ್ಮೆಯೋ ಇಲ್ಲವೇ ಇಲ್ಲ. ಹೋಗಿ ಹೋಗಿ ನನಗಾ ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡು ಟ್ರಂಕನ್ನು ನಾನೇ ಮಹಡಿಗೆ ಹೊತ್ತೆ. ಇಳಿದು ಬರುವಷ್ಟರಲ್ಲಿ ಟ್ಯಾಕ್ಸಿ ಹೋಗಿತ್ತು. ನಮ್ಮವರು ಯಾರೂ ಹೇಳದೆಯೇ ಸ್ವೆಟರಿನ ಗಿರಾಕಿಗೆ ರಸೀದಿ ಬರೆಯುತ್ತಿದ್ದರು, ಕಿಟಕಿಯ ಪಕ್ಕ ಇನ್ನೊಂದು ಕುರ್ಚಿಯನ್ನೂ ಇಟ್ಟಿದ್ದರು.

ಹತ್ತು ಗಂಟೆಗೆ ಕೂತೆವು. ಅತ್ತೆ ಹಳೇ ಅಂಗಿಯೊಂದರ ಮೇಲೆ ಕತ್ತರಿಯಿಂದ ಬೆರಳುಗುರಿನಷ್ಟು ತೂತು ಮಾಡಿ ನನ್ನ ಮುಂದಿಟ್ಟರು. ಸೂಜಿಗೆ ನೂಲು ಪೋಣಿಸಲು ನನಗೆ ಐದು ನಿಮಿಷ ಹಿಡಿಯಿತು. ಒಂದು ಗಂಟೆಗೆ ನಾನೂರು ಎಂದು ಮನಸ್ಸು ತಾನಾಗಿ ಹೇಳಿತು. ಈ ಗಂಟೆಯಲ್ಲಿ ಅತ್ತೆ ಎರಡು ಸ್ವೆಟರು ಮುಗಿಸುತ್ತಿದ್ದರು. ಆದರೂ ಹೊಟ್ಟೆ ಉರಿಯಲಿಲ್ಲ. ಉದ್ದ ಎಳೆಗಳನ್ನು ಹಾಕಿ, ಅಡ್ಡ ಎಳೆಯನ್ನು ಒಂದರ ಮೇಲೆ ಒಂದರ ಕೆಳಗೆ ಎಂದು ಬಾಯಲ್ಲಿ ಹೇಳಿಕೊಳ್ಳುತ್ತ ದಾಟಿಸಿದೆ. ಮುಗಿದಾಗ ಅದು ಜೇಡ ಜಗಳವಾಡಿ ಅರ್ಧಕ್ಕೆ ಬಿಟ್ಟ ಬಲೆಯಂತಿತ್ತು. ಅತ್ತೆ ಅದನ್ನು ಬೆಳಕಿಗೆ ಹಿಡಿದು ನೋಡಿದರು, ಹಿಂದೆ ತಿರುಗಿಸಿ ನೋಡಿದರು.

“ಬಿಚ್ಚು,” ಎಂದರು.

ನಾನು ಒಂದೊಂದೇ ಎಳೆ ಬಿಚ್ಚತೊಡಗಿದೆ. ಕಿಟಕಿಯ ಬಿಸಿಲು ಮಡಿಲಿಗೆ ಬಿದ್ದಿತ್ತು, ಅತ್ತೆಯ ಮೊಣಕೈ ನನ್ನ ಮೊಣಕೈಗೆ ತಾಗುತ್ತಿತ್ತು. ಮದುವೆಯಾಗಿ ಬಂದು ಇಪ್ಪತ್ತಾರು ವರ್ಷವಾಗಿತ್ತು. ಅವರ ಪಕ್ಕದಲ್ಲಿ ನಾನು ಕೂತದ್ದು ಅದೇ ಮೊದಲು.